ಹಳೆಯ ಕೋಚ್ ಮತ್ತೆ ಬೇಕೇ? ಚೆಲ್ಸಿಯ ಅನುಭವ

ಸೋಲಿನ ಸರಣಿ ಆರಂಭವಾದೊಡನೆ ಹಳೆಯ ಕೋಚ್‌ನ ಹೆಸರು ಫುಟ್‌ಬಾಲ್ ಅಭಿಮಾನಿಗಳ ಬಾಯಲ್ಲಿ ಕೇಳಿಬರುವುದು ಹೊಸತೇನಲ್ಲ. ಲಂಡನ್ನಿನ ಚೆಲ್ಸಿ ಕ್ಲಬ್ಬಿನಲ್ಲಿ ಈ ವಾದ ತಾರಕಕ್ಕೇರಿತ್ತು.

ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟ ಆರೇ ತಿಂಗಳಿಗೆ, 2012ರ ನವೆಂಬರ್‌ನಲ್ಲಿ, ರಾಬರ್ಟೊ ಡಿ ಮಟಿಯೊ ಅವರನ್ನು ಕ್ಲಬ್ ವಜಾ ಮಾಡಿತು. ಹಂಗಾಮಿಯಾಗಿ ಬಂದ ರಫೆಲ್ ಬೆನಿಟೆಜ್ ಹಿಂದೆ ಲಿವರ್‌ಪೂಲ್‌ನ ಕೋಚ್ ಆಗಿದ್ದವರು. ತವರಿನ ಮೈದಾನದಲ್ಲಿ ಮೊದಲ ಪಂದ್ಯದಂದೇ ಅವರಿಗೆ ಸಿಕ್ಕಿದ್ದು ಮೂದಲಿಕೆ. ಅವರು ಯೂರೋಪಾ ಲೀಗ್ ಗೆದ್ದರೂ ಅಭಿಮಾನಿಗಳ ಒಲವು ಜೋಸ್ ಮೊರಿನ್ಯೊ ಅವರತ್ತಲೇ. 2005 ಮತ್ತು 2006ರಲ್ಲಿ ಲೀಗ್ ಪ್ರಶಸ್ತಿ ತಂದವರು ಅವರು. ಆದರೆ 2007ರಲ್ಲಿ ಮಾಲೀಕ ರೋಮನ್ ಅಬ್ರಮೊವಿಚ್ ಜತೆ ಸಂಬಂಧ ಹಳಸಿ ಹೊರನಡೆದಿದ್ದರು. ಅವರನ್ನೇ ಮತ್ತೆ ಕರೆಯುವುದೇ? 2013ರಲ್ಲಿ ಕ್ಲಬ್ ಕರೆದೇಬಿಟ್ಟಿತು.

2015ರಲ್ಲಿ ಮತ್ತೆ ಪ್ರೀಮಿಯರ್ ಲೀಗ್ ಕೈಸೇರಿತು. ಅದೇ ವರ್ಷದ ಡಿಸೆಂಬರ್ ವೇಳೆಗೆ 16 ಪಂದ್ಯಗಳಲ್ಲಿ 9 ಸೋತ ತಂಡ 16ನೇ ಸ್ಥಾನಕ್ಕೆ ಕುಸಿದು, ಮೊರಿನ್ಯೊ ಎರಡನೇ ಬಾರಿ ಹೊರಬಿದ್ದರು. ಮರಳುವುದು ಕೋಚ್ ಮಾತ್ರ. ಅಂದಿನ ತಂಡವಲ್ಲ ಎಂಬುದನ್ನು ಅಭಿಮಾನಿಗಳು ಮರೆಯುವುದೇ ಹೆಚ್ಚು. 2023ರಲ್ಲಿ ಹಂಗಾಮಿಯಾಗಿ ಮರಳಿದ ಫ್ರಾಂಕ್ ಲ್ಯಾಂಪಾರ್ಡ್ 11 ಪಂದ್ಯಗಳಲ್ಲಿ ಗೆದ್ದಿದ್ದು ಒಂದನ್ನಷ್ಟೇ.

ಆದರೂ ಮೊರಿನ್ಯೊ ವಜಾಗೊಂಡ ಎರಡು ದಿನಗಳ ನಂತರ ಸಂಡರ್‌ಲ್ಯಾಂಡ್ ವಿರುದ್ಧ ಚೆಲ್ಸಿ 3-1ರಿಂದ ಗೆದ್ದಾಗ, ಗ್ಯಾಲರಿಯಲ್ಲಿ ಮೊಳಗಿದ್ದು ಅವರದೇ ಹೆಸರು. ಛೀಮಾರಿ ಆಟಗಾರರಿಗೆ!