ಫ್ಯಾನ್ ನಿಲ್ಲಿಸಿದವರು ಯಾರು?

ಟಿ.ವಿ. ಪಕ್ಕದ ಕಂಪ್ಯೂಟರಿಗೆ ಸದ್ದಿಲ್ಲದ ಗ್ರಾಫಿಕ್ಸ್ ಕಾರ್ಡ್ ಬೇಕೆನ್ನುವವರು ಹೀಟ್ ಸಿಂಕ್‌ನ ಗಾತ್ರ ನೋಡುತ್ತಾರೆ. ಕಳೆದ ಮೂವತ್ತು ವರ್ಷಗಳ ಕಥೆ ಬೇರೆಯದನ್ನೇ ನೋಡಿ ಎನ್ನುತ್ತದೆ.

ಸಿನಿಮಾದಲ್ಲಿ ಹಾಡು, ಹೊಡೆದಾಟ ನಡೆಯುತ್ತಿರುವಷ್ಟು ಹೊತ್ತು ಕಂಪ್ಯೂಟರಿನ ಸದ್ದು ಯಾರ ಕಿವಿಗೂ ಬೀಳುವುದಿಲ್ಲ. ಮಾತು ನಿಂತು, ಪಾತ್ರಗಳು ಸುಮ್ಮನೆ ಮುಖ ಮುಖ ನೋಡಿಕೊಳ್ಳುವ ಗಳಿಗೆ ಬಂತೆಂದರೆ ಟಿ.ವಿ. ಕೆಳಗಿನ ಪೆಟ್ಟಿಗೆಯ ಗುಂಯ್‌ಗುಟ್ಟುವಿಕೆ ಎದ್ದು ಕೇಳುತ್ತದೆ. ಆ ಸದ್ದಿನ ಕರ್ಕಶ ಪಾಲು ಬಹಳ ಸಲ ಗ್ರಾಫಿಕ್ಸ್ ಕಾರ್ಡಿನ ಅಂಗೈ ಅಗಲದ ಫ್ಯಾನಿನದು. ಅದನ್ನು ತೊಲಗಿಸಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ದೊಡ್ಡ ಅಲ್ಯೂಮಿನಿಯಂ ರೆಕ್ಕೆಗಳ ಹೀಟ್ ಸಿಂಕ್ ಇರುವ, ಫ್ಯಾನ್ ಇಲ್ಲದ ಕಾರ್ಡನ್ನು. ಬಿಸಿ ಹೊರಹಾಕುವ ಲೋಹ ಹೆಚ್ಚಿದಷ್ಟೂ ಮೌನ ಹೆಚ್ಚು ಎಂಬುದು ಅವರ ಲೆಕ್ಕ. ಈ ಲೆಕ್ಕ ಅರ್ಧ ಮಾತ್ರ ಸರಿ. ಮನೆಯ ಸಿನಿಮಾ ಕಂಪ್ಯೂಟರಿಗೆ ಮೌನ ತಂದುಕೊಟ್ಟದ್ದು ಮುಖ್ಯವಾಗಿ ಚಿಪ್‌ನ ಮೂಲೆಯಲ್ಲಿ ಕುಳಿತ ಒಂದು ಸಣ್ಣ ಸರ್ಕ್ಯೂಟ್. ಕುಗ್ಗಿಸಿದ ವಿಡಿಯೊ ಬಿಚ್ಚುವುದೊಂದೇ ಅದರ ಕಸುಬು. ಅದು ಹುಟ್ಟಿ ಬೆಳೆದ ಬಗೆ ತಿಳಿದವರು ಕಾರ್ಡ್ ಆರಿಸುವಾಗ ಎಡವುವುದು ಕಡಿಮೆ.

ಹಿಂದೆ ಈ ಸಮಸ್ಯೆಯೇ ಇರಲಿಲ್ಲ. ಮೂರು ಆಯಾಮದ ಆಟಗಳನ್ನು ಮನೆಮನೆಗೆ ತಂದ 3ಡಿಎಫ್ಎಕ್ಸ್ ಕಂಪನಿಯ ವೂಡೂ ಕಾರ್ಡ್ 1996ರಲ್ಲಿ ಬಂದಾಗ ಅದರ ಮೇಲೆ ಫ್ಯಾನ್ ಇರಲಿಲ್ಲ. ಬಳಿಕ ಆಟಗಳ ಹಸಿವು ಏರಿತು, ಚಿಪ್‌ಗಳ ವೇಗವೂ ಏರಿತು. ಚಿಪ್ ಉಣ್ಣುವ ವಿದ್ಯುತ್ತು ಅದರ ವೇಗಕ್ಕೆ ತಕ್ಕಂತೆ ಹೆಚ್ಚುತ್ತದೆ. ವೋಲ್ಟೇಜ್ ಏರಿಸಿದರಂತೂ ಅದರ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಉಂಡದ್ದೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು. 2003ರಲ್ಲಿ ಮಾರುಕಟ್ಟೆಗೆ ಬಂದ ಎನ್ವಿಡಿಯಾದ ಜಿಫೋರ್ಸ್ ಎಫ್ಎಕ್ಸ್ 5800 ಅಲ್ಟ್ರಾದ ಅಬ್ಬರ ಎಷ್ಟಿತ್ತೆಂದರೆ, ಜನ ಅದಕ್ಕೆ ಕೈಯಲ್ಲಿ ಹಿಡಿಯುವ ವ್ಯಾಕ್ಯೂಮ್ ಕ್ಲೀನರಿನ ಹೆಸರಾದ ‘ಡಸ್ಟ್‌ಬಸ್ಟರ್’ ಎಂಬ ಅಡ್ಡಹೆಸರಿಟ್ಟರು. ಒಣಗಿದೆಲೆ ಹಾರಿಸುವ ಯಂತ್ರಕ್ಕೆ ಕಾರ್ಡ್ ಸಿಕ್ಕಿಸಿ ತಮಾಷೆಯ ವಿಡಿಯೊ ಮಾಡಿ, ಕಂಪನಿಯೇ ತನ್ನನ್ನು ತಾನು ನಗೆಯಾಡಿಕೊಂಡಿತು.

ಕಂಪ್ಯೂಟರು ಓದುಕೋಣೆ ಬಿಟ್ಟು ಹಜಾರಕ್ಕೆ ಬಂದದ್ದೂ ಸರಿಸುಮಾರು ಇದೇ ಕಾಲದಲ್ಲಿ. ರಿಮೋಟ್ ಹಿಡಿದು ನಡೆಸಬಹುದಾದ ವಿಂಡೋಸ್ ಎಕ್ಸ್‌ಪಿ ಮೀಡಿಯಾ ಸೆಂಟರ್ ಆವೃತ್ತಿಯನ್ನು ಮೈಕ್ರೋಸಾಫ್ಟ್ 2002ರಲ್ಲಿ ಹೊರತಂದಿತು. ಸದ್ದು ಇಳಿಸಲು ಮೊದಲು ಸಿಕ್ಕ ದಾರಿ ಲೋಹದ್ದು. ಕೊರಿಯಾದ ಝಲ್ಮನ್ ಕಂಪನಿ ಕಾರ್ಡಿನ ಎರಡೂ ಬದಿಗೆ ದಪ್ಪ ಹೀಟ್ ಸಿಂಕ್ ಕೂರಿಸಿ, ನಡುವೆ ಹೀಟ್ ಪೈಪ್ ಬಾಗಿಸಿ ಹಾಯಿಸಿತು. ಹೀಟ್ ಪೈಪ್ ಎಂದರೆ ಒಳಗೆ ಚೂರೇ ಚೂರು ದ್ರವವಿರುವ, ಎರಡೂ ತುದಿ ಮುಚ್ಚಿದ ತಾಮ್ರದ ಕೊಳವೆ. ಬಿಸಿ ತುದಿಯಲ್ಲಿ ದ್ರವ ಆವಿಯಾಗುತ್ತದೆ, ತಣ್ಣನೆಯ ತುದಿಗೆ ಹೋಗಿ ಹನಿಯುತ್ತದೆ, ಒಳಗೋಡೆಯ ಬತ್ತಿಯಂಥ ಪದರದ ಮೂಲಕ ಮತ್ತೆ ಮೊದಲಿನ ಜಾಗಕ್ಕೆ ಬರುತ್ತದೆ. ಗಿಗಾಬೈಟ್‌ನಂಥ ಕಂಪನಿಗಳು ಇಂಥದ್ದನ್ನೇ ಕಾರ್ಡಿನ ಜೊತೆ ಸೇರಿಸಿ ಮಾರಿದವು. ಉಪಾಯವೇನೋ ಜಾಣತನದ್ದೇ. ಆದರೆ ಹೀಟ್ ಸಿಂಕ್ ಬಿಸಿಯನ್ನು ಇಲ್ಲವಾಗಿಸುವುದಿಲ್ಲ, ಚಿಪ್‌ನಿಂದ ತೆಗೆದು ಪೆಟ್ಟಿಗೆಯೊಳಗಿನ ಗಾಳಿಗೆ ಸುರಿಯುತ್ತದೆ ಅಷ್ಟೆ. ಆ ಗಾಳಿಯನ್ನು ಆಚೆ ದಬ್ಬುವ ಕೆಲಸ ಕ್ಯಾಬಿನೆಟ್ಟಿನ ಫ್ಯಾನಿನ ಪಾಲಿಗೆ ಬೀಳುತ್ತದೆ. ಕಾರ್ಡ್ ಸುಮ್ಮನಾದ ಮೇಲೆ ನೆರೆಯವನು ಕೂಗತೊಡಗುತ್ತಾನೆ.

ಎರಡನೆಯ ದಾರಿ ಬಿಸಿಯ ಮೂಲಕ್ಕೇ ಕೈಹಾಕಿತು. ಸಿನಿಮಾ ನೋಡುವಾಗ ಕಂಪ್ಯೂಟರಿಗೆ ನಿಜಕ್ಕೂ ಇರುವ ಕೆಲಸವೇನು? ಚಿತ್ರಗಳ ರಾಶಿಯನ್ನು ಬಿಡಿಬಿಡಿಯಾಗಿ ಸಾಗಿಸಲಾಗದೆ ಗಂಟು ಕಟ್ಟಿ ಕಳಿಸಿರುತ್ತಾರೆ. ಅದನ್ನು ಬಿಚ್ಚಿ, ಸೆಕೆಂಡಿಗೆ 24 ಅಥವಾ 25 ಚಿತ್ರಗಳಂತೆ ತಪ್ಪದೆ ಜೋಡಿಸಿಕೊಡಬೇಕು. ಯಾವ ಕೆಲಸಕ್ಕೂ ಒಗ್ಗುವ ಪ್ರೊಸೆಸರಿಗೆ ಇದನ್ನು ಒಪ್ಪಿಸಿದರೆ ಅದು ಪ್ರತಿ ಹೆಜ್ಜೆಯಲ್ಲೂ ಆಜ್ಞೆಯನ್ನು ತಂದು, ಓದಿ, ಅರ್ಥ ಮಾಡಿಕೊಂಡು, ಆಮೇಲೆ ಲೆಕ್ಕ ಮಾಡುತ್ತದೆ. ವಿದ್ಯುತ್ತಿನ ಬಹುಪಾಲು ಈ ಓಡಾಟಕ್ಕೇ ಸಂದುಹೋಗುತ್ತದೆ. ಇದೊಂದೇ ಲೆಕ್ಕವನ್ನು ಸರ್ಕ್ಯೂಟ್ ರೂಪದಲ್ಲೇ ಕೆತ್ತಿಬಿಟ್ಟರೆ ಆಜ್ಞೆಗೆ ಕಾಯುವ ಪ್ರಮೇಯವಿಲ್ಲ, ಸ್ವಲ್ಪ ವಿದ್ಯುತ್ತಿನಲ್ಲೇ ಕೆಲಸ ಮುಗಿಯುತ್ತದೆ. ಡಿವಿಡಿ ಬಂದ ಹೊಸದರಲ್ಲಿ ಇದಕ್ಕಾಗಿಯೇ ಬೇರೆ ಕಾರ್ಡುಗಳು ಮಾರಾಟಕ್ಕಿದ್ದವು. ಎಟಿಐ ಕಂಪನಿಯ ರೇಜ್ ಸರಣಿಯಂಥ ಗ್ರಾಫಿಕ್ಸ್ ಚಿಪ್‌ಗಳು ಆ ಹೊರೆಯ ಒಂದೊಂದೇ ಪಾಲನ್ನು ತಮ್ಮ ಹೆಗಲಿಗೆ ತೆಗೆದುಕೊಂಡವು. 2006ರಲ್ಲಿ ಬ್ಲೂ-ರೇ ಡಿಸ್ಕ್ ಬಂದು, ಎಚ್.264 ಎಂಬ ಹೆಚ್ಚು ಬಿಗಿಯಾದ ಗಂಟು ಬಳಕೆಗೆ ಇಳಿದಾಗ ಮನೆಯ ಪ್ರೊಸೆಸರುಗಳು ಮತ್ತೆ ಏದುಸಿರು ಬಿಟ್ಟವು.

ವಾದಕ್ಕೆ ಗಟ್ಟಿ ಸಾಕ್ಷಿ ಸಿಗುವುದು ಮರುವರ್ಷ. ಎನ್ವಿಡಿಯಾ 2006ರ ನವೆಂಬರಿನಲ್ಲಿ ತಂದ 8800 ಜಿಟಿಎಕ್ಸ್ ಆಗಿನ ಮೇಲ್ದರ್ಜೆಯ ಕಾರ್ಡ್. ಎಚ್.264 ವಿಡಿಯೊವನ್ನು ಪೂರ್ತಿ ಬಿಚ್ಚುವ ಸರ್ಕ್ಯೂಟ್ ಅದರಲ್ಲಿರಲಿಲ್ಲ. 2007ರ ಏಪ್ರಿಲಿನಲ್ಲಿ ಬಂದ ಅಗ್ಗದ 8500, 8600 ಕಾರ್ಡುಗಳಲ್ಲಿ ಇತ್ತು. ಎನ್ವಿಡಿಯಾದ ಎದುರಾಳಿ ಎಎಂಡಿಯಲ್ಲೂ ಇದೇ ಕಥೆ. 200 ವ್ಯಾಟ್ ದಾಟುವ ರೇಡಿಯನ್ ಎಚ್‌ಡಿ 2900 ಎಕ್ಸ್‌ಟಿಯಲ್ಲಿ ಇಲ್ಲದ ಯುವಿಡಿ ಎಂಬ ಡಿಕೋಡ್ (ಗಂಟು ಬಿಚ್ಚುವ) ಘಟಕ ತಿಂಗಳ ಬಳಿಕ ಬಂದ ಬಡ ತಮ್ಮ ಎಚ್‌ಡಿ 2400ರಲ್ಲಿತ್ತು. ಎಂಟು ವರ್ಷಗಳ ನಂತರ ಚರಿತ್ರೆ ಮರುಕಳಿಸಿತು. 2014ರ ದುಬಾರಿ ಜಿಟಿಎಕ್ಸ್ 980 ಕಾರ್ಡ್ 4ಕೆ ಕಾಲದ ಎಚ್ಇವಿಸಿ ವಿಡಿಯೊವನ್ನು ಅರೆಬರೆಯಾಗಿ ನಿಭಾಯಿಸುತ್ತಿತ್ತು. 2015ರ ಜನವರಿಯಲ್ಲಿ ಬಂದ ಕೆಳದರ್ಜೆಯ 960 ಅದನ್ನು ಪೂರ್ತಿಯಾಗಿ ಬಿಚ್ಚಿತು. ಮೂರು ಸಲವೂ ಹೆಚ್ಚು ಹಣ ಕೊಟ್ಟವರಿಗೆ ಸಿಕ್ಕಿದ್ದು ಹೆಚ್ಚು ಬಿಸಿ, ಹೆಚ್ಚು ಸದ್ದು, ಸಿನಿಮಾದ ವಿಷಯದಲ್ಲಿ ಕಡಿಮೆ ವಿದ್ಯೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟರೂ ಗುಬ್ಬಿ ತಪ್ಪಿಸಿಕೊಂಡಿತು ಎನ್ನಬೇಕು.

ಫ್ಯಾನ್ ಇಲ್ಲದ ಕಾರ್ಡುಗಳು ನೆಲೆ ಕಂಡುಕೊಂಡದ್ದು ಈ ಡಿಕೋಡ್ ಘಟಕದ ಬೆನ್ನಿಗೇ. 2010ರ ರೇಡಿಯನ್ ಎಚ್‌ಡಿ 5450 ಸುಮಾರು 19 ವ್ಯಾಟ್‌ನಲ್ಲಿ ಬ್ಲೂ-ರೇ ಬಿಚ್ಚುತ್ತಿತ್ತು. ಡಾಲ್ಬಿ ಟ್ರೂಎಚ್‌ಡಿ ಧ್ವನಿಯನ್ನು ಎಚ್‌ಡಿಎಂಐ ತಂತಿಯ ಮೂಲಕ ಇದ್ದಂತೆಯೇ ರಿಸೀವರಿಗೆ ದಾಟಿಸುತ್ತಿತ್ತು. 2017ರ ಜಿಟಿ 1030 ಕಾರ್ಡ್ 30 ವ್ಯಾಟ್‌ನಲ್ಲಿ 4ಕೆ ಎಚ್ಇವಿಸಿ, ವಿಪಿ9 ಎರಡೂ ಬಗೆಯ ವಿಡಿಯೊಗಳನ್ನು ಸಂಭಾಳಿಸಿತು. ಇಷ್ಟು ಕಡಿಮೆ ಬಿಸಿಗೆ ಸಾಧಾರಣ ಗಾತ್ರದ ಹೀಟ್ ಸಿಂಕ್ ಸಾಕಾಯಿತು. ಸಂಕೀರ್ಣ ಕೊಳವೆಗಳ ಕಾಲ ಹಿಂದೆ ಸರಿಯಿತು. 70 ವ್ಯಾಟ್‌ನ ಕಾರ್ಡುಗಳನ್ನೂ ಬರೀ ಲೋಹದಿಂದ ತಣಿಸುವ ಪ್ರಯತ್ನ ಪಾಲಿಟ್ ಕಂಪನಿಯ ಕಾಮ್‌ಎಕ್ಸ್ ಹೆಸರಿನಲ್ಲಿ ಇವತ್ತಿಗೂ ನಡೆದಿದೆ. ಅವು ಆಟವನ್ನೂ ಆಡಬೇಕೆನ್ನುವವರ ಆಯ್ಕೆ. ಸಿನಿಮಾ ಒಂದೇ ಸಾಕೆನ್ನುವವರಿಗೆ ಅದು ಬೇಡದ ಭಾರ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ದೊಡ್ಡ ಫ್ಯಾನನ್ನು ನಿಧಾನಕ್ಕೆ ತಿರುಗಿಸಿದರೆ ಸಾಲದೇ, ಪೂರಾ ತೆಗೆಯುವ ಹಟವೇಕೆ? ಆಕ್ಷೇಪದಲ್ಲಿ ಹುರುಳಿದೆ. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಗಾಳಿಯೂ ಅರ್ಧವಾಗುತ್ತದೆ, ಆದರೆ ಸದ್ದು ಸ್ಥೂಲವಾಗಿ 15 ಡೆಸಿಬೆಲ್ ಇಳಿಯುತ್ತದೆ. ಹತ್ತು ಡೆಸಿಬೆಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದಂತೆ. ಅಂದರೆ ಗಾಳಿಯಲ್ಲಿ ಕಳೆದುಕೊಂಡದ್ದಕ್ಕಿಂತ ಮೌನದಲ್ಲಿ ಗಳಿಸಿದ್ದು ಹೆಚ್ಚು. ಹಾಗಾಗಿಯೇ ಹಗುರ ಕೆಲಸದಲ್ಲಿ ಫ್ಯಾನನ್ನು ಪೂರ್ತಿ ನಿಲ್ಲಿಸಿ, ಬಿಸಿ ಏರಿದಾಗಷ್ಟೇ ತಿರುಗಿಸುವ ಕಾರ್ಡುಗಳು 2014ರ ಸುಮಾರಿನಿಂದ ಎಲ್ಲೆಡೆ ಬಂದವು. ಗಮನಿಸಬೇಕಾದ್ದು, ಆ ಫ್ಯಾನ್ ಸಿನಿಮಾದುದ್ದಕ್ಕೂ ನಿಂತೇ ಇರುವುದು ಡಿಕೋಡ್ ಸರ್ಕ್ಯೂಟ್ ತನ್ನ ಪಾಲಿನ ಕೆಲಸ ಮಾಡಿದಾಗ. ಆಕ್ಷೇಪ ಮೂಲ ಮಾತನ್ನು ಕೆಡವುವುದಿಲ್ಲ, ಬೇರೆ ಬಾಗಿಲಿನಿಂದ ಅಲ್ಲಿಗೇ ಬಂದು ಸೇರುತ್ತದೆ.

ನಮ್ಮ ಮನೆಗಳಲ್ಲಿ ಸೀಲಿಂಗ್ ಫ್ಯಾನೇ ಸದ್ದು ಮಾಡುತ್ತಿರುವಾಗ ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. ಸೀಲಿಂಗ್ ಫ್ಯಾನಿನದು ತಗ್ಗು ಸ್ಥಾಯಿಯ, ಹರಡಿಕೊಂಡ ಸದ್ದು. ಕಿವಿ ಅದಕ್ಕೆ ಬೇಗ ಒಗ್ಗುತ್ತದೆ. ಪುಟ್ಟ ಫ್ಯಾನಿನದು ಒಂದೇ ಶ್ರುತಿಯ ಏರುದನಿ, ಮಟ್ಟ ಕಡಿಮೆಯಿದ್ದರೂ ಚುಚ್ಚುತ್ತದೆ. ಚಳಿಗಾಲದ ರಾತ್ರಿ ಸೀಲಿಂಗ್ ಫ್ಯಾನ್ ಆರಿಸಿದಾಗಲಂತೂ ಮರೆಯೇ ಇಲ್ಲ. ಈ ಆಕ್ಷೇಪಕ್ಕಿಂತ ಗಂಭೀರವಾದದ್ದು ಬೇಸಿಗೆ. ಹೊರಗೆ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಲ್ಲಿ ಟಿ.ವಿ. ಸ್ಟ್ಯಾಂಡಿನ ಮುಚ್ಚಿದ ಖಾನೆಯೊಳಗೆ 45 ಡಿಗ್ರಿ ಇದೆ ಎಂದಿಟ್ಟುಕೊಳ್ಳಿ. ವ್ಯಾಟಿಗೆ ಒಂದೂವರೆ ಡಿಗ್ರಿ ಏರುವ ಹೀಟ್ ಸಿಂಕ್‌ನಡಿ 30 ವ್ಯಾಟ್‌ನ ಚಿಪ್ ದುಡಿದರೆ 90 ಡಿಗ್ರಿ ಮುಟ್ಟುತ್ತದೆ. ಅದೇ ಹೀಟ್ ಸಿಂಕ್‌ನಡಿ 15 ವ್ಯಾಟ್ ಸುರಿದರೆ 67ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಸೆಕೆಯ ಊರಿನಲ್ಲಿ ಲೋಹ ಹೆಚ್ಚಿಸುವುದಕ್ಕಿಂತ ವ್ಯಾಟ್ ಇಳಿಸುವುದೇ ಲಾಭ. ಜೊತೆಗೆ ಖಾನೆಯ ಹಿಂಬದಿ ತೆರೆದಿರಬೇಕು, ರೆಕ್ಕೆಗಳ ಸಂದು ಮೇಲ್ಮುಖವಾಗಿರಬೇಕು. ಬಿಸಿ ಗಾಳಿ ಹೊಗೆಗೂಡಿನಂತೆ ಏರಿಹೋಗಲು ದಾರಿಯಿಲ್ಲದಿದ್ದರೆ ಎಂಥ ಹೀಟ್ ಸಿಂಕ್ ಕೂಡ ನಿಷ್ಪ್ರಯೋಜಕ.

ನನ್ನ ವಾದದ ನಿಜವಾದ ದೌರ್ಬಲ್ಯ ಬೇರೆಡೆ ಇದೆ. ಕೆತ್ತಿದ ಸರ್ಕ್ಯೂಟ್ ಕೆತ್ತಿದ್ದನ್ನಷ್ಟೇ ಬಲ್ಲದು. 2018ರಲ್ಲಿ ಎವಿ1 ಎಂಬ ಹೊಸ ಗಂಟು ಬಂದಾಗ ಹಿಂದಿನ ವರ್ಷವಷ್ಟೇ ಬಂದಿದ್ದ ಜಿಟಿ 1030ಕ್ಕೆ ಅದರ ಗುಟ್ಟು ಗೊತ್ತಿರಲಿಲ್ಲ. ಅಂಥ ವಿಡಿಯೊ ಹಾಕಿದರೆ ಹೊರೆ ಪ್ರೊಸೆಸರಿನ ಮೇಲೆ ಬಿದ್ದು, ಅದರ ಫ್ಯಾನ್ ಏಳುತ್ತದೆ. ಅಗ್ಗದ್ದೇ ಮೇಲು ಎಂದು ಸೂತ್ರ ಕಟ್ಟಿಕೊಳ್ಳುವಂತೆಯೂ ಇಲ್ಲ. ಎಎಂಡಿಯ ಆರ್‌ಎಕ್ಸ್ 6000 ಸರಣಿಯ ದೊಡ್ಡ ಕಾರ್ಡುಗಳು 2020ರಲ್ಲೇ ಎವಿ1 ಬಿಚ್ಚುತ್ತಿದ್ದವು. ಅದೇ ಸರಣಿಯಲ್ಲಿ 2022ರಲ್ಲಿ ಬಂದ ಪುಟ್ಟ ಆರ್‌ಎಕ್ಸ್ 6400ರಲ್ಲಿ ಆ ಭಾಗವನ್ನೇ ಕತ್ತರಿಸಿದ್ದರು. ಹೆಸರು, ಬೆಲೆ, ಬಂದ ವರ್ಷ ಮೂರೂ ಮೋಸ ಮಾಡಬಲ್ಲವು. ನಂಬಬಹುದಾದ್ದು ಒಂದೇ: ಆ ಚಿಪ್ ಯಾವ ಯಾವ ವಿಡಿಯೊ ಬಗೆಗಳನ್ನು, ಎಷ್ಟು ಬಿಟ್ ಬಣ್ಣದವರೆಗೆ ತಾನಾಗಿ ಬಿಚ್ಚುತ್ತದೆ ಎಂಬ ಪಟ್ಟಿ. ಕಾರ್ಡಿನ ಡಬ್ಬಿಯ ಮೇಲೆ ಅದು ಸಿಗುವುದು ಅಪರೂಪ, ಚಿಪ್ ತಯಾರಕರ ವಿವರಪುಟದಲ್ಲಿ ಹುಡುಕಬೇಕು.

ಇಷ್ಟು ಹೇಳಿದ ಮೇಲೆ ಕಾರ್ಡೇ ಯಾಕೆ ಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಬಹಳ ಮನೆಗಳಿಗೆ ಈಗ ಬೇಡ. ನೆಟ್‌ಫ್ಲಿಕ್ಸ್ 2016ರಲ್ಲಿ ಕಂಪ್ಯೂಟರಿಗೆ 4ಕೆ ಕೊಟ್ಟಾಗ ಮೊದಲು ಒಪ್ಪಿದ್ದು ಇಂಟೆಲ್‌ನ ಏಳನೇ ಪೀಳಿಗೆಯ ಪ್ರೊಸೆಸರಿನೊಳಗಿದ್ದ ಗ್ರಾಫಿಕ್ಸನ್ನು. 2023ರ ಎನ್100 ಎಂಬ 6 ವ್ಯಾಟ್‌ನ ಇಂಟೆಲ್ ಪ್ರೊಸೆಸರ್ ಎವಿ1 ಕೂಡ ಬಿಚ್ಚುತ್ತದೆ. ಹೊಸ ಪೆಟ್ಟಿಗೆ ಕಟ್ಟುವವರು ಕಾರ್ಡಿನ ಹಣ ಉಳಿಸಿಕೊಳ್ಳಲಿ. ಒಳ್ಳೆಯ ಸ್ಥಿತಿಯಲ್ಲಿರುವ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕದೆ ಟಿ.ವಿ. ಪಕ್ಕಕ್ಕೆ ತರುವವರಿಗೆ ಕಾರ್ಡ್ ಇಂದಿಗೂ ಸರಿಯಾದ ಉತ್ತರ. ಅವರು ಮೊದಲು ತಾವು ನೋಡುವ ವಿಡಿಯೊ ಯಾವ ಬಗೆಯದೆಂದು ಪಟ್ಟಿ ಮಾಡಲಿ, ಆಮೇಲೆ ಅವನ್ನೆಲ್ಲ ಬಿಚ್ಚಬಲ್ಲ ಚಿಪ್‌ಗಳಲ್ಲಿ ಕಡಿಮೆ ವ್ಯಾಟ್‌ನದನ್ನು ಆರಿಸಲಿ. ಹೀಟ್ ಸಿಂಕ್‌ನ ಗಾತ್ರ ನೋಡುವ ಸರದಿ ಕೊನೆಗೆ ಬಂದರೆ ಸಾಕು. ಅಷ್ಟು ಹೊತ್ತಿಗೆ ಅದು ದೊಡ್ಡದಾಗಿರಬೇಕಾದ ಅಗತ್ಯವೇ ತೀರಿರುತ್ತದೆ.