ವಿದೇಶೀ ಅಕಾಡೆಮಿಯಲ್ಲಿ ಫುಟ್‌ಬಾಲ್ ತರಬೇತಿ: ತಂದೆತಾಯಿಗಳು ತಿಳಿದಿರಬೇಕಾದುದು

ಯುರೋಪಿನ ಪ್ರಸಿದ್ಧ ಕ್ಲಬ್ಬೊಂದರ ಅಕಾಡೆಮಿಯಲ್ಲಿ ಹತ್ತು ದಿನಗಳ ತರಬೇತಿ ಎಂಬ ಆಹ್ವಾನ ಮನೆಗೆ ಬಂದಾಗ ಯಾವ ತಂದೆತಾಯಿಗಳಿಗಾದರೂ ಹಿಗ್ಗಾಗುವುದು ಸಹಜ. ಬೆಂಗಳೂರಿನಲ್ಲಾಗಲಿ, ವಿಜಯವಾಡದ ಗವರ್ನರ್‌ಪೇಟೆಯಲ್ಲಾಗಲಿ, ಅಂತಹ ಪತ್ರ ಕೈಸೇರಿದೊಡನೆ ಉಳಿತಾಯದ ಲೆಕ್ಕ ಆರಂಭವಾಗುತ್ತದೆ. ‘ಹುಡುಗ ಅಲ್ಲಿಯೇ ಆಯ್ಕೆಯಾಗಿ ಉಳಿದುಬಿಟ್ಟರೆ?’ ಎಂಬ ಆಸೆಯೂ ಅದರ ಬೆನ್ನಿಗೇ ಮೊಳೆಯುತ್ತದೆ. ಈ ಆಸೆಗೆ ಆಧಾರವೆಷ್ಟು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಹದಿನೆಂಟು ತುಂಬದ ಆಟಗಾರನನ್ನು ಒಂದು ದೇಶದಿಂದ ಮತ್ತೊಂದು ದೇಶದ ಕ್ಲಬ್ಬಿಗೆ ವರ್ಗಾಯಿಸುವುದನ್ನು ಫಿಫಾ ನಿಯಮಾವಳಿಯ 19ನೆಯ ವಿಧಿ ನಿಷೇಧಿಸುತ್ತದೆ. ಮುಖ್ಯ ವಿನಾಯಿತಿಗಳು ಮೂರು. ಫುಟ್‌ಬಾಲಿಗೆ ಸಂಬಂಧವಿಲ್ಲದ ಕಾರಣಕ್ಕಾಗಿ ತಂದೆತಾಯಿಗಳು ಆ ದೇಶದಲ್ಲಿ ನೆಲಸಲು ಹೋಗಿರುವುದು ಒಂದು. ಐರೋಪ್ಯ ಒಕ್ಕೂಟದ ಒಳಗೇ 16 ದಾಟಿದವರು ಕ್ಲಬ್ ಬದಲಿಸುವುದು ಇನ್ನೊಂದು. ಮನೆಯೂ ಕ್ಲಬ್ಬೂ ದೇಶದ ಗಡಿಯಿಂದ 50 ಕಿ.ಮೀ. ಒಳಗಿರುವುದು ಮೂರನೆಯದು. ನಮ್ಮ ಊರಿನ ಬಾಲಕನಿಗೆ ಇವುಗಳಲ್ಲಿ ಕೊನೆಯ ಎರಡು ಅನ್ವಯಿಸಲಾರವು. ದಲ್ಲಾಳಿಗಳು ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಾಗಳಿಂದ ಬಡ ಹುಡುಗರನ್ನು ಕರೆದೊಯ್ದು, ಆಯ್ಕೆಯಾಗದಿದ್ದಾಗ ಪರದೇಶದ ಬೀದಿಯಲ್ಲಿ ಕೈಬಿಟ್ಟ ಪ್ರಕರಣಗಳೇ ಈ ಬಿಗಿಗೆ ಹಿನ್ನೆಲೆ. ನಿಯಮ ಕಾಗದದ ಮೇಲಷ್ಟೇ ಇದೆಯೆಂದು ಭಾವಿಸಬೇಕಿಲ್ಲ. ಇದನ್ನು ಮೀರಿದ್ದಕ್ಕಾಗಿ 2014ರಲ್ಲಿ ಬಾರ್ಸಿಲೋನಾದಂತಹ ಕ್ಲಬ್ಬೇ ದಂಡನೆಗೊಳಗಾಗಿ, 2015ನೆಯ ವರ್ಷದಲ್ಲಿ ಹೊಸ ಆಟಗಾರರನ್ನು ನೋಂದಾಯಿಸಲಾಗದೆ ಕೈಕಟ್ಟಿ ಕುಳಿತಿತು. ಆದ್ದರಿಂದ ಹದಿನಾಲ್ಕರ ಹುಡುಗನಿಗೆ ‘ಕರಾರಿನ ಅವಕಾಶ’ ತೋರಿಸಿ ಹಣ ಕೇಳುವವರನ್ನು ಅನುಮಾನದಿಂದ ನೋಡುವುದೇ ಲೇಸು.

ಹಾಗಾದರೆ ಈ ಪ್ರವಾಸಗಳೆಲ್ಲ ವ್ಯರ್ಥವೆ? ಅಲ್ಲ, ಆದರೆ ಎಲ್ಲವೂ ಒಂದೇ ಬಗೆಯವಲ್ಲ. ಶುಲ್ಕ ಕಟ್ಟಿದವರಿಗೆಲ್ಲ ತೆರೆದಿರುವ ರಜಾಶಿಬಿರ ಒಂದು ಬಗೆ. ಕ್ಲಬ್ಬಿನ ಅಂಗಿ, ಲಾಂಛನ, ಕ್ರೀಡಾಂಗಣದ ದರ್ಶನ ಎಲ್ಲವೂ ಅಲ್ಲಿ ದೊರೆಯುತ್ತವೆ. ಆದರೆ ಇಂತಹ ಶಿಬಿರಗಳನ್ನು ಹಲವು ಕಡೆ ಕ್ಲಬ್ಬಿನ ಬೇರೊಂದು ವಿಭಾಗ ನಡೆಸುತ್ತದೆಯೇ ಹೊರತು ನಿಜವಾದ ಅಕಾಡೆಮಿಯಲ್ಲ. ಆಟದ ಅರ್ಹತೆಯಿಂದಲೇ ಹೋಗುವುದು ಇನ್ನೊಂದು ಬಗೆ. 2022ರಲ್ಲಿ ಗೋವಾದಲ್ಲಿ ನಡೆದ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗಿನಲ್ಲಿ ಬೆಂಗಳೂರು ಎಫ್.ಸಿ.ಯ ಕಿರಿಯರ ತಂಡ ಚಾಂಪಿಯನ್ ಆಯಿತು. ಅದೇ ಜುಲೈನಲ್ಲಿ ಆ ತಂಡ ಕೇರಳ ಬ್ಲಾಸ್ಟರ್ಸ್ ಕಿರಿಯರೊಡನೆ ಪ್ರೀಮಿಯರ್ ಲೀಗಿನ ನೆಕ್ಸ್ಟ್ ಜೆನ್ ಕಪ್‌ಗಾಗಿ ಇಂಗ್ಲೆಂಡಿಗೆ ತೆರಳಿ, ಲೆಸ್ಟರ್ ಸಿಟಿ, ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗಳ ಯುವಕರೊಡನೆ ಸೆಣಸಿತು. ವರ್ಷವಿಡೀ ಒಟ್ಟಿಗೆ ಆಡಿದ ತಂಡ ತನ್ನ ತರಬೇತುದಾರರೊಂದಿಗೇ ಹೋದಾಗ, ಅಲ್ಲಿ ಕಂಡದ್ದು ಮರಳಿದ ಮೇಲೂ ಅಭ್ಯಾಸದಲ್ಲಿ ಉಳಿಯುತ್ತದೆ. ಒಂಟಿಯಾಗಿ ಹೋಗಿಬಂದ ಹುಡುಗನಿಗೆ ಆ ಅನುಕೂಲವಿಲ್ಲ.

ಅಲ್ಲಿ ಕಾಣುವುದಾದರೂ ಏನು? ಇಂಗ್ಲೆಂಡಿನ ಅಕಾಡೆಮಿಗಳು ಒಂಬತ್ತರೊಳಗಿನ ವಯೋಮಾನದಿಂದಲೇ ಮಕ್ಕಳನ್ನು ನೋಂದಾಯಿಸಿಕೊಳ್ಳುತ್ತವೆ. ಹದಿನಾಲ್ಕರಲ್ಲಿ ನಮ್ಮವನು ಎದುರಿಸುವ ಓರಗೆಯವನಿಗೆ ಅದಾಗಲೇ ಐದಾರು ವರ್ಷಗಳ ಶಿಸ್ತಿನ ಕಲಿಕೆಯಾಗಿರುತ್ತದೆ. ವೇಗದಲ್ಲಿ ಇಬ್ಬರೂ ಸಮನಾಗಿರಬಹುದು. ಚೆಂಡು ಬರುವ ಮೊದಲೇ ತಲೆಯೆತ್ತಿ ಸುತ್ತ ನೋಡಿ, ಮುಂದಿನ ಪಾಸ್ ಎಲ್ಲಿಗೆ ಎಂದು ನಿಶ್ಚಯಿಸಿಕೊಳ್ಳುವುದರಲ್ಲಿ ಅಂತರ ಎದ್ದು ಕಾಣುತ್ತದೆ. ಹತ್ತು ದಿನಗಳಲ್ಲಿ ಅದು ಕೈವಶವಾಗದು. ಅದು ಇದೆ ಎಂಬ ಅರಿವಷ್ಟೇ ಮೂಡೀತು. ಹವೆ, ನೆಲಗಳ ಪಾಠವೂ ಸಣ್ಣದಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನ ಚಳಿಯಲ್ಲಿ, ಬಹುತೇಕ ಬರಿಗಾಲಿನಲ್ಲೇ ಆಡಿದ ಭಾರತ ಯುಗೊಸ್ಲಾವಿಯಾಕ್ಕೆ 1-10ರಿಂದ ಸೋತಿತು. (ಆ ಒಂದು ಗೋಲು ನಮ್ಮ ಬೆಂಗಳೂರಿನ ಅಹಮದ್ ಖಾನ್ ಅವರದು!) ಬೂಟು ಕಡ್ಡಾಯವಾದದ್ದು ಆ ಸೋಲಿನ ನಂತರ.

ಕಲಿಕೆಯನ್ನು ಇಲ್ಲಿಗೇ ಬರಮಾಡಿಕೊಳ್ಳುವ ದಾರಿಯೂ ಉಂಟು. ರಾಯದುರ್ಗದ ಕಡೆ ಇಂದಿಗೂ ಕನ್ನಡ ಕೇಳಿಬರುವ ಅನಂತಪುರ ಜಿಲ್ಲೆಯಲ್ಲಿ, ವಿಸೆಂಟೆ ಫೆರರ್ ಅವರು 1969ರಲ್ಲಿ ಸ್ಥಾಪಿಸಿದ ಗ್ರಾಮೀಣಾಭಿವೃದ್ಧಿ ಸಂಸ್ಥೆಯೊಡನೆ ಸ್ಪೇನಿನ ಲಾ ಲಿಗಾ 2010ರ ದಶಕದಲ್ಲಿ ಕೈಜೋಡಿಸಿತು. ಹಳ್ಳಿಯ ಹುಡುಗ ಹುಡುಗಿಯರಿಗೆ ವಿಮಾನದ ಟಿಕೆಟಿಲ್ಲದೆಯೇ ಸ್ಪೇನಿನ ಪದ್ಧತಿಯ ತರಬೇತಿ ದೊರೆಯಿತು. ನಮ್ಮ ಮಟ್ಟಿಗೆ ಇದು ಹತ್ತು ದಿನದ ಶಿಬಿರಕ್ಕಿಂತ ಹೆಚ್ಚಿನದು.

ಹೊರಡುವುದೇ ನಿಶ್ಚಯವಾದರೆ ಕಾಗದಪತ್ರಗಳ ಕೆಲಸವನ್ನು ಬೇಗನೆ ಹಿಡಿಯಬೇಕು. 2013ರಲ್ಲಿ ಜಾರ್ಖಂಡದ ‘ಯುವಾ’ ತಂಡದ 18 ಹುಡುಗಿಯರು ಸ್ಪೇನಿನ ಪಂದ್ಯಾವಳಿಗೆ ಹೊರಟಾಗ ಪಾಸ್‌ಪೋರ್ಟಿಗೆ ಬೇಕಾದ ಜನನ ಪ್ರಮಾಣಪತ್ರವೇ ದೊಡ್ಡ ತೊಡಕಾಯಿತು. ಅದನ್ನು ಕೇಳಲು ಹೋದಾಗ ಪಂಚಾಯತಿ ಕಚೇರಿಯಲ್ಲಿ ತಮ್ಮಿಂದ ಕಸ ಗುಡಿಸಿಸಿದರು, ಏಟು ಹಾಕಿದರು ಎಂದು ಆ ಮಕ್ಕಳೇ ಹೇಳಿದರು. ಅದೇ ಮಕ್ಕಳು ಗಾಸ್ಟೈಜ್ ಕಪ್‌ನಲ್ಲಿ ಮೂರನೆಯ ಸ್ಥಾನ ಪಡೆದು ಮರಳಿದರು. ಅಪ್ರಾಪ್ತರ ಪಾಸ್‌ಪೋರ್ಟಿನ ಅವಧಿ ಐದು ವರ್ಷ ಅಥವಾ ಹದಿನೆಂಟು ತುಂಬುವವರೆಗೆ, ಯಾವುದು ಮೊದಲೋ ಅದು. ಷೆಂಗೆನ್ ವೀಸಾಕ್ಕೆ ತಂದೆತಾಯಿಗಳ ಒಪ್ಪಿಗೆಪತ್ರದೊಡನೆ ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆಯೂ ಬೇಕು.

ಪ್ರತಿ ಆಟಗಾರನಿಗೂ ‘ಆಟಗಾರನ ಪಾಸ್‌ಪೋರ್ಟ್’ ಎಂಬ ಬೇರೊಂದು ದಾಖಲೆಯಿದೆ. ಹನ್ನೆರಡನೆಯ ವಯಸ್ಸಿನಿಂದ ಅವನು ಯಾವ ಯಾವ ಕ್ಲಬ್ಬಿನಲ್ಲಿ ನೋಂದಾಯಿತನಾಗಿದ್ದನೆಂಬುದು ಅದರಲ್ಲಿರುತ್ತದೆ. ಮುಂದೆ ಅವನ ವರ್ಗಾವಣೆಗೆ ಹಣ ಸಂದಾಯವಾದಾಗ ಅದರ ಶೇ. 5ರಷ್ಟು ಅವನನ್ನು ತರಬೇತುಗೊಳಿಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗುವುದು ಈ ದಾಖಲೆಯ ಆಧಾರದ ಮೇಲೆಯೇ. ವಿದೇಶದ ಹತ್ತು ದಿನಗಳಿಗೆ ಅದರಲ್ಲಿ ಜಾಗವಿಲ್ಲ. ಸಂಜೆ ಹೋಗಿ ಆಡುವ ಊರಿನ ಕ್ಲಬ್ಬು ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನಲ್ಲಿ ಹುಡುಗನ ಹೆಸರನ್ನು ನೋಂದಾಯಿಸಿದ್ದರೆ ಅದಕ್ಕೆ ಜಾಗವಿದೆ. ನೋಂದಣಿಯಾಗಿದೆಯೇ ಎಂದು ಮೊದಲು ಅಲ್ಲಿ ವಿಚಾರಿಸಿ.