ಸೆಲ್ಲಿನ ಮೇಲೆ ಬರೆಯದ ಅಂಕಿ

ಬೆರಳುದ್ದದ ಒಂದು ಲಿಥಿಯಂ ಅಯಾನ್ ಸೆಲ್. ಅಡ್ಡಗಲ 18 ಮಿ.ಮೀ., ಉದ್ದ 65 ಮಿ.ಮೀ. ಈ ಅಳತೆಯಿಂದಲೇ ಅದಕ್ಕೆ 18650 ಎಂಬ ಹೆಸರು. ಲ್ಯಾಪ್‌ಟಾಪಿನ ಹಳೆಯ ಬ್ಯಾಟರಿ ಬಿಚ್ಚಿದರೆ ಸಾಮಾನ್ಯವಾಗಿ ಸಿಗುವುದು ಇದೇ. 2008ರಲ್ಲಿ ರಸ್ತೆಗಿಳಿದ ಟೆಸ್ಲಾದ ಮೊದಲ ಕಾರು ರೋಡ್‌ಸ್ಟರ್‌ನಲ್ಲಿ ಇಂಥ 6,831 ಸೆಲ್‌ಗಳಿದ್ದವು. ದೊಡ್ಡ ಗಾತ್ರದ ಇ-ಸಿಗರೇಟಿನಲ್ಲಿ ಇರುವುದು ಒಂದು ಅಥವಾ ಎರಡು.

ಆ ಒಂದೆರಡೇ ಸಾಕಷ್ಟು ಅನಾಹುತ ಮಾಡಿವೆ. 2009ರಿಂದ 2016ರ ಕೊನೆಯವರೆಗೆ ಇ-ಸಿಗರೇಟಿಗೆ ಬೆಂಕಿ ಹತ್ತಿದ ಅಥವಾ ಅದು ಸಿಡಿದ 195 ಘಟನೆಗಳನ್ನು ಅಮೆರಿಕದ ಅಗ್ನಿಶಾಮಕ ಆಡಳಿತ ಪಟ್ಟಿ ಮಾಡಿತು. 60 ಘಟನೆಗಳು ಸೇದುವಾಗ ನಡೆದವು, 48 ಚಾರ್ಜಿಗೆ ಹಾಕಿದ್ದಾಗ. ಎಲ್ಲಕ್ಕಿಂತ ಹೆಚ್ಚು, ಅಂದರೆ 61, ಜೇಬಿನಲ್ಲಿ ಸುಮ್ಮನೆ ಇದ್ದಾಗ!

ಭಾರತದಲ್ಲಿ ಇ-ಸಿಗರೇಟು ಮಾರುವುದು, ತಯಾರಿಸುವುದು, ಆಮದು ಮಾಡುವುದು, ಜಾಹೀರಾತು ಕೊಡುವುದು ಎಲ್ಲವೂ 2019ರ ಕಾಯ್ದೆಯಡಿ ಅಪರಾಧ. ಮೊದಲ ಬಾರಿ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕರ್ನಾಟಕವಂತೂ 2016ರಲ್ಲೇ ನಿಷೇಧಿಸಿತ್ತು. ಹಾಗಿದ್ದ ಮೇಲೆ ಅದರ ಬ್ಯಾಟರಿಯ ಗೊಡವೆ ನಮಗೇಕೆ? ಏಕೆಂದರೆ ಅದೇ ಸೆಲ್ ನಮ್ಮ ಟಾರ್ಚಿನಲ್ಲಿದೆ, ಪವರ್ ಬ್ಯಾಂಕಿನಲ್ಲಿದೆ, ಗೋಡೆ ಕೊರೆಯುವ ಕಾರ್ಡ್‌ಲೆಸ್ ಡ್ರಿಲ್ಲಿನಲ್ಲಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಯಾಗಿಯೂ ಸಿಗುತ್ತದೆ. ಅದನ್ನು ಅತಿ ಒರಟಾಗಿ ದುಡಿಸಿಕೊಳ್ಳುವ ಸಾಧನಗಳಲ್ಲಿ ಇ-ಸಿಗರೇಟೂ ಒಂದು. ಹಾಗಾಗಿ ಸೆಲ್ಲಿನ ಗುಣದೋಷ ಅಲ್ಲಿ ಎದ್ದು ಕಾಣುತ್ತದೆ.

ಇ-ಸಿಗರೇಟಿನ ಒಳಗೆ ಅಂಥ ಚಮತ್ಕಾರವೇನೂ ಇಲ್ಲ. ಒಂದು ಬ್ಯಾಟರಿ, ಬಿಸಿಯಾಗುವ ತಂತಿಯ ಸುರುಳಿ, ಗ್ಲಿಸರಿನ್, ಪ್ರೊಪಿಲಿನ್ ಗ್ಲೈಕಾಲ್ ಮತ್ತು ನಿಕೋಟಿನ್ ಬೆರೆಸಿದ ದ್ರವ, ಅಷ್ಟೇ. ಸುರುಳಿ ಎಷ್ಟು ಬಿಸಿಯಾಗಬೇಕು ಎಂಬುದರಲ್ಲಿ ವೋಲ್ಟೇಜಿನ ಪಾತ್ರ ದೊಡ್ಡದು. ಮಹಡಿಯ ಮೇಲಿನ ನೀರಿನ ಟ್ಯಾಂಕನ್ನು ನೆನೆಸಿಕೊಳ್ಳಿ: ಟ್ಯಾಂಕು ಎಷ್ಟು ಎತ್ತರದಲ್ಲಿದೆ ಎಂಬುದು ವೋಲ್ಟೇಜು, ಎಷ್ಟು ನೀರು ಹಿಡಿಯುತ್ತದೆ ಎಂಬುದು ಕೆಪಾಸಿಟಿ. ಸೆಲ್ಲಿನ ಮೇಲೆ 3.7 ವೋಲ್ಟ್ ಎಂದು ಬರೆದಿದ್ದರೂ ಅದು ಸರಾಸರಿ ಮಾತ್ರ. ಪೂರ್ತಿ ಚಾರ್ಜ್ ಆದಾಗ 4.2 ಇರುತ್ತದೆ, ಬಳಸುತ್ತಾ ಹೋದಂತೆ ಇಳಿಯುತ್ತದೆ. 3 ವೋಲ್ಟಿನ ಆಸುಪಾಸಿಗೆ ಬಂದಾಗ ನಿಲ್ಲಿಸುವುದು ವಾಸಿ.

ಇಲ್ಲಿ ಹೈಸ್ಕೂಲಿನ ಓಮ್‌ನ ನಿಯಮ ಕೆಲಸಕ್ಕೆ ಬರುತ್ತದೆ. ಸುರುಳಿಯ ರೋಧ 1.8 ಓಮ್ ಇದ್ದರೆ, 4.2 ವೋಲ್ಟಿಗೆ ಹರಿಯುವ ಕರೆಂಟು ಸುಮಾರು 2.3 ಆಂಪಿಯರ್. ಶಕ್ತಿ ಹತ್ತು ವ್ಯಾಟ್‌ಗೂ ಕಡಿಮೆ. ಸೆಲ್ಲಿಗೆ ಇದು ಲೆಕ್ಕಕ್ಕೇ ಇಲ್ಲ. ದಟ್ಟ ಹೊಗೆಯ ಆಸೆಗೆ ಬಿದ್ದವರು ಅದೇ ಸುರುಳಿಯನ್ನು 0.2 ಓಮ್‌ಗೆ ಇಳಿಸುತ್ತಾರೆ. ಆಗ ಕರೆಂಟು 21 ಆಂಪಿಯರ್, ಶಕ್ತಿ 88 ವ್ಯಾಟ್. ಮನೆಯ ಸೀಲಿಂಗ್ ಫ್ಯಾನಿಗೆ ಬೇಕಾದದ್ದಕ್ಕಿಂತ ಹೆಚ್ಚು, ಬೆರಳುದ್ದದ ಒಂದೇ ಸೆಲ್ಲಿನಿಂದ! ತಡೆಯುವ ಸರ್ಕ್ಯೂಟೇ ಇಲ್ಲದ 'ಮೆಕ್ಯಾನಿಕಲ್' ಮಾದರಿಗಳಲ್ಲಂತೂ ಇದನ್ನು ಕೇಳುವವರೇ ಇಲ್ಲ.

ವೋಲ್ಟೇಜು ಹೊಗೆಯ ರಸಾಯನವನ್ನೂ ಬದಲಿಸುತ್ತದೆ. ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಒಂದೇ ಸಾಧನವನ್ನು 3.3 ವೋಲ್ಟಿನಲ್ಲಿ ನಡೆಸಿದಾಗ ಫಾರ್ಮಾಲ್ಡಿಹೈಡ್ ಬಿಡುವ ಸಂಯುಕ್ತಗಳು ಪತ್ತೆಯಾಗಲಿಲ್ಲ, 5 ವೋಲ್ಟಿಗೆ ಏರಿಸಿದಾಗ ಪತ್ತೆಯಾದವು. ಅಷ್ಟು ಬಿಸಿಯಲ್ಲಿ ದ್ರವ ಸೀದುಹೋಗಿ ಯಾರೂ ಸೇದಲಾರರು ಎಂದು ಕೆಲವು ವಿಜ್ಞಾನಿಗಳು ತಕರಾರು ತೆಗೆದರು. ಆ ತಕರಾರಿನಲ್ಲಿ ಹುರುಳಿದೆ. ಆದರೂ ಬಿಸಿ ಮಿತಿಮೀರಿದರೆ ದ್ರವವೇ ಒಡೆದು ವಿಷವಾಗುತ್ತದೆ ಎಂಬ ಮೂಲ ಮಾತು ಅಲ್ಲಾಡಲಿಲ್ಲ.

ಇನ್ನು ಕೆಪಾಸಿಟಿ. 2,500 ಎಂಎಎಚ್ ಎಂದರೆ ಎರಡೂವರೆ ಆಂಪಿಯರ್‌ನಂತೆ ಒಂದು ಗಂಟೆ. ಅಂಗಡಿಯಲ್ಲಿ ಎಲ್ಲರೂ ಕೇಳುವುದು ಇದೊಂದನ್ನೇ, ಮಾರುವವರು ದೊಡ್ಡದಾಗಿ ಅಚ್ಚು ಹಾಕಿಸುವುದೂ ಇದನ್ನೇ. ಆದರೆ ವೋಲ್ಟೇಜನ್ನು ಬಿಟ್ಟು ಹೇಳಿದ ಎಂಎಎಚ್‌ನಿಂದ ಪೂರ್ತಿ ಲೆಕ್ಕ ಸಿಗುವುದಿಲ್ಲ. ಎರಡನ್ನೂ ಗುಣಿಸಿದರೆ ಬರುವ ವ್ಯಾಟ್-ಅವರ್ ನಿಜವಾದ ಲೆಕ್ಕ. 10,000 ಎಂಎಎಚ್ ಪವರ್ ಬ್ಯಾಂಕ್ ಕೊಂಡವರು ಮೊಬೈಲಿಗೆ ಅಷ್ಟು ತುಂಬುತ್ತಿಲ್ಲವೆಂದು ಗೊಣಗುವುದುಂಟು. ಆ ಅಂಕಿ ಒಳಗಿನ 3.7 ವೋಲ್ಟಿನ ಸೆಲ್‌ಗಳದ್ದು, ಅಂದರೆ 37 ವ್ಯಾಟ್-ಅವರ್. ಹೊರಗೆ 5 ವೋಲ್ಟಿನಲ್ಲಿ ಕೊಡುವಾಗ ಅದು 7,400ಕ್ಕೆ ಇಳಿಯುತ್ತದೆ. ಬಿಸಿಯಾಗಿ ಪೋಲಾಗುವುದನ್ನು ಕಳೆದರೆ ಇನ್ನೂ ಕಡಿಮೆ. ವಿಮಾನಗಳಲ್ಲೂ ಬ್ಯಾಟರಿಗೆ ಹಾಕಿರುವ ಸಾಮಾನ್ಯ ಮಿತಿ 100 ವ್ಯಾಟ್-ಅವರ್, ಎಂಎಎಚ್ ಅಲ್ಲ.

ಮುಖ್ಯವಾದ ಮೂರನೆಯ ಅಂಕಿಯೊಂದಿದೆ. ಅದು ಎಷ್ಟೋ ಸಲ ಸೆಲ್ಲಿನ ಮೇಲೆ ಇರುವುದೇ ಇಲ್ಲ: ಮಿತಿಮೀರಿ ಬಿಸಿಯಾಗದೆ ಸತತವಾಗಿ ಎಷ್ಟು ಕರೆಂಟು ಕೊಡಬಲ್ಲದು ಎಂಬುದು. ಸೆಲ್ಲಿನೊಳಗೆ ಲೋಹದ ಹಾಳೆಯ ಮೇಲೆ ರಾಸಾಯನಿಕ ಬಳಿದು ಸುರುಳಿ ಸುತ್ತಿರುತ್ತಾರೆ. ಲೇಪ ದಪ್ಪಗಿದ್ದರೆ ಕೆಪಾಸಿಟಿ ಹೆಚ್ಚು, ಆದರೆ ಕರೆಂಟು ಬೇಗ ಹೊರಬರಲಾರದು. ತೆಳ್ಳಗಿದ್ದರೆ ಇದಕ್ಕೆ ಉಲ್ಟಾ. ಸ್ಯಾಮ್‌ಸಂಗ್‌ನ 25ಆರ್ ಸೆಲ್ 2,500 ಎಂಎಎಚ್‌ನದು, 20 ಆಂಪಿಯರ್ ತಡೆಯುತ್ತದೆ. ಸುಮಾರು 3,400 ಎಂಎಎಚ್‌ನ ಪ್ಯಾನಸೋನಿಕ್ ಎನ್‌ಸಿಆರ್18650ಬಿ ಏಳು ಆಂಪಿಯರ್‌ನೊಳಗೇ ಸುಸ್ತಾಗುತ್ತದೆ. 'ಹೆಚ್ಚು ಎಂಎಎಚ್, ಹೆಚ್ಚು ಒಳ್ಳೆಯದು' ಎಂದು ಈ ಎರಡನೆಯದನ್ನು 0.2 ಓಮ್ ಸುರುಳಿಗೆ ಹಾಕಿದವನು ತಾನೇ ಅಪಾಯವನ್ನು ಆಹ್ವಾನಿಸಿದಂತೆ.

ಜೇಬಿನ 61 ಘಟನೆಗಳ ಹಿನ್ನೆಲೆ ಅರಿಯಲು ಸೆಲ್ಲನ್ನು ಹತ್ತಿರದಿಂದ ನೋಡಬೇಕು. ತಳ ಮಾತ್ರವಲ್ಲ, ಅದರ ಮೈಯೆಲ್ಲವೂ ನೆಗೆಟಿವ್. ಪಾಸಿಟಿವ್ ಇರುವುದು ನೆತ್ತಿಯ ಪುಟ್ಟ ಗುಂಡಿಯಲ್ಲಿ. ಎರಡರ ನಡುವೆ ಕೆಲವೇ ಮಿಲಿಮೀಟರ್ ಅಂತರ, ಒಂದು ಕಾಗದದ ಬಳೆ ಮತ್ತು ತೆಳ್ಳನೆಯ ಪ್ಲಾಸ್ಟಿಕ್ ಹೊದಿಕೆ. ಹೊದಿಕೆ ಅಂಚಿನಲ್ಲಿ ಹರಿದಿದ್ದು, ಬೀಗದ ಕೈಯೋ ಚಿಲ್ಲರೆ ನಾಣ್ಯವೋ ಅಡ್ಡ ತಾಗಿದರೆ ಶಾರ್ಟ್ ಸರ್ಕ್ಯೂಟ್ ಆಗಿಬಿಡುತ್ತದೆ. ಒಳಗಿನ ದ್ರವ ಸುಲಭವಾಗಿ ಹೊತ್ತಿಕೊಳ್ಳುವಂಥದ್ದು. ಒಮ್ಮೆ ಬಿಸಿ ಹತೋಟಿ ತಪ್ಪಿತೆಂದರೆ ಅದು ತನ್ನನ್ನು ತಾನೇ ಏರಿಸಿಕೊಳ್ಳುತ್ತಾ ಹೋಗುತ್ತದೆ.

ಟಾರ್ಚಿಗೋ ಮತ್ತೊಂದಕ್ಕೋ ಬಿಡಿ 18650 ಕೊಳ್ಳುವವರು ಇಷ್ಟು ಮಾಡಬಹುದು. 9,900 ಎಂಎಎಚ್ ಎಂದು ಬರೆದದ್ದನ್ನು ಮುಟ್ಟಲೇಬೇಡಿ. ಈ ಗಾತ್ರದಲ್ಲಿ ಅಷ್ಟು ತುಂಬುವ ಸೆಲ್ಲನ್ನು ಯಾವ ಕಂಪನಿಯೂ ಮಾಡಿಲ್ಲ. ಅಡುಗೆಮನೆಯ ತಕ್ಕಡಿ ಇದ್ದರೆ ತೂಗಿ ನೋಡಿ, ಅಸಲಿ ಸೆಲ್ ಸುಮಾರು 45ರಿಂದ 50 ಗ್ರಾಂ ಇರುತ್ತದೆ. ಆಂಪಿಯರ್ ಎಷ್ಟೆಂದು ಅಂಗಡಿಯವರನ್ನು ಕೇಳಿ. ಬಿಡಿ ಸೆಲ್ಲನ್ನು ಪ್ಲಾಸ್ಟಿಕ್ ಡಬ್ಬಿಯಲ್ಲೇ ಒಯ್ಯಿರಿ. ಹೊದಿಕೆ ಹರಿದದ್ದನ್ನು ಮತ್ತೆ ಬಳಸದೆ, ಮನೆಯ ಕಸಕ್ಕೂ ಹಾಕದೆ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಟ್ಟುಬಿಡಿ.